ನೀರಿನಲ್ಲಿ ಸುಕ್ಕುಗಟ್ಟಿದ ಕಿರುಬೆರಳು

ಕಳೆದ ವಾರ ಬಟ್ಟೆ ಒಗೆದು ಕೈ ಒರೆಸಿಕೊಳ್ಳುವಾಗ ನನ್ನ ಬಲಗೈಯ ಕಿರುಬೆರಳ ತುದಿ ಸುಕ್ಕುಗಟ್ಟಿರುವುದು ಕಣ್ಣಿಗೆ ಬಿತ್ತು. ಬಹಳ ಹೊತ್ತು ನೀರಿನಲ್ಲಿ ನೆನೆದ ಬೆರಳು ಸುಕ್ಕುಗಟ್ಟುವುದರಲ್ಲಿ ವಿಶೇಷವೇನಿದೆ ಎಂದು ಓದುವವರಿಗೆ ಅನ್ನಿಸಬಹುದು. ಆದರೆ ಈ ಬೆರಳು ಹಿಂದಿನ 16 ತಿಂಗಳು ಎಷ್ಟು ನೆನೆದರೂ ನುಣುಪಾಗಿಯೇ ಉಳಿಯುತ್ತಿತ್ತು. ಪಕ್ಕದ ಉಂಗುರ ಬೆರಳಿನಲ್ಲಂತೂ ನಡುಬೆರಳಿನ ಕಡೆಯ ಅರ್ಧ ಸುಕ್ಕುಗಟ್ಟುತ್ತಿತ್ತು, ಕಿರುಬೆರಳಿನ ಕಡೆಯ ಅರ್ಧ ಸುಕ್ಕುಗಟ್ಟುತ್ತಿರಲಿಲ್ಲ. ಒಂದೇ ಬೆರಳನ್ನು ಯಾರೋ ನಡುವೆ ಗೆರೆ ಎಳೆದು ಪಾಲು ಮಾಡಿದಂತೆ ಕಾಣುತ್ತಿತ್ತು. ಆ ಗೆರೆ ಈಗ ಮಾಸಿದೆ. ಅದಕ್ಕೆ ಕಾರಣರಾದವರಿಗೆ ಒಬ್ಬೊಬ್ಬರಿಗೂ ಬಾಯಿಮಾತಿನಲ್ಲಿ ಧನ್ಯವಾದ ಹೇಳಿದ್ದೇನೆ. ಆದರೂ ಅವರು ಮಾಡಿದ್ದೇನು ಎಂಬುದು ನಾಲ್ಕು ಜನರಿಗೆ ತಿಳಿಯಬೇಕೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಒಡೆದ ಕಿಟಕಿಯ ಗಾಜೊಂದು ಮಣಿಕಟ್ಟಿನ ಒಳಬದಿಗೆ, ಕಿರುಬೆರಳಿನ ಕಡೆಯಲ್ಲಿ, ಆಳವಾಗಿ ಹೊಕ್ಕಿತ್ತು. ಗಾಯ ಎರಡು ಸೆಂಟಿಮೀಟರ್ ಕೂಡ ಇರಲಿಲ್ಲ. ರಕ್ತ ಮಾತ್ರ ನಾಡಿಯ ಬಡಿತಕ್ಕೆ ಸರಿಯಾಗಿ ಚಿಮ್ಮುತ್ತಿತ್ತು. ಕೂಗು ಕೇಳಿ ಓಡಿಬಂದ ನೆರೆಮನೆಯ ಹಿರಿಯರು ಹಗ್ಗ ಹುಡುಕಲಿಲ್ಲ, ಪುಡಿ ಮೆತ್ತಲಿಲ್ಲ. ಒಗೆದ ಬಟ್ಟೆಯೊಂದನ್ನು ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಅದುಮಿ, ನನ್ನ ಕೈಯನ್ನು ಎದೆಗಿಂತ ಮೇಲೆತ್ತಿ ಹಿಡಿದು, ಆಸ್ಪತ್ರೆ ತಲುಪುವವರೆಗೂ ಒಮ್ಮೆಯೂ ಬಟ್ಟೆ ತೆಗೆದು ನೋಡದೆ ಹಾಗೆಯೇ ಕುಳಿತಿದ್ದರು. ಅವರಿಗೆ ನನ್ನ ಮೊದಲ ನಮಸ್ಕಾರ.

ಎರಡನೆಯ ನಮಸ್ಕಾರ ಆ ರಾತ್ರಿ ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದ ಕಿರಿಯ ವೈದ್ಯೆಗೆ. ಇಷ್ಟು ಚಿಕ್ಕ ಗಾಯಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಚರ್ಮಕ್ಕೆ ಹೊಲಿಗೆ ಹಾಕಿ ಕಳಿಸುವುದು ಸುಲಭವಿತ್ತು. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಅವರು ಚುಚ್ಚುಮದ್ದನ್ನು ತಡೆದರು. ಮದ್ದು ಕೊಟ್ಟ ಮೇಲೆ ಬೆರಳು ಮರಗಟ್ಟಿದ್ದು ಮದ್ದಿನಿಂದಲೋ ನರ ತುಂಡಾದುದರಿಂದಲೋ ಎಂದು ಹೇಳಲಾಗುವುದಿಲ್ಲ ಎಂದು ಸಮಾಧಾನವಾಗಿ ವಿವರಿಸಿ, ನನ್ನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಒಂದೊಂದೇ ಬೆರಳನ್ನು ಮುಟ್ಟಿ ಕೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ತಿಳಿದವು. ಕಿರುಬೆರಳು ತಿಳಿಯಲಿಲ್ಲ. ಆದರೆ ಹಸ್ತದ ಹಿಂಬದಿಯಲ್ಲಿ ಅದೇ ಕಿರುಬೆರಳಿನ ಬುಡದ ಬಳಿ ಮುಟ್ಟಿದಾಗ ಚೆನ್ನಾಗಿಯೇ ತಿಳಿಯಿತು. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡುವ ಅಲ್ನಾರ್ ನರವು ಹಸ್ತದ ಹಿಂಬದಿಗೆ ಕೊಡುವ ಕವಲು ಮಣಿಕಟ್ಟಿಗಿಂತ ಕೆಲವು ಸೆಂಟಿಮೀಟರ್ ಮೇಲೆಯೇ ಬೇರ್ಪಡುತ್ತದೆ. ಅದು ಉಳಿದಿದೆ ಎಂದರೆ ನರ ತುಂಡಾಗಿರುವುದು ಅದಕ್ಕಿಂತ ಕೆಳಗೆ, ಗಾಜು ಹೊಕ್ಕ ಜಾಗದಲ್ಲೇ ಎಂದು ಅವರು ಒಂದು ಹತ್ತಿಯ ಎಳೆಯಿಂದ ಕಂಡುಕೊಂಡರು. ಆ ಐದು ನಿಮಿಷದ ತಾಳ್ಮೆ ಇರದಿದ್ದರೆ ನನ್ನ ಚರ್ಮವಷ್ಟೇ ಕೂಡಿಕೊಂಡು, ಒಳಗೆ ನರದ ಎರಡು ತುದಿಗಳು ದೂರದೂರವೇ ಉಳಿದುಬಿಡುತ್ತಿದ್ದವು.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಮರುದಿನ ಹಾಸಿಗೆಯ ಬಳಿ ಕುಳಿತು, ಕೈಗೆ ಸಿಕ್ಕ ಕಾಗದದ ಹಿಂಬದಿಯಲ್ಲಿ ಒಂದು ತೋಳಿನ ಚಿತ್ರ ಬರೆದು ತೋರಿಸಿದರು. ಕುತ್ತಿಗೆಯ ಕೆಳಭಾಗದಿಂದ ನಾಲ್ಕು, ಎದೆಯ ಮೇಲ್ಭಾಗದಿಂದ ಒಂದು, ಹೀಗೆ ಐದು ನರಮೂಲಗಳು ಹೊರಟು, ಕೊರಳೆಲುಬಿನ ಹಿಂದೆ ಜಡೆಯಂತೆ ಹೆಣೆದುಕೊಂಡು, ಮತ್ತೆ ಬಿಡಿಬಿಡಿಯಾಗಿ ತೋಳಿಗೆ ಇಳಿಯುತ್ತವೆ. ಅವುಗಳಲ್ಲಿ ಅಲ್ನಾರ್ ನರವು ಮೊಣಕೈಯ ಒಳಗಂಟಿನ ಹಿಂದೆ, ಚರ್ಮದಡಿಯಲ್ಲೇ ಹಾದುಬರುತ್ತದೆ. ಮೊಣಕೈ ಎಲ್ಲಿಗಾದರೂ ತಗುಲಿದಾಗ ಕಿರುಬೆರಳವರೆಗೆ ಝುಮ್ಮೆನ್ನುವುದು ಇದೇ ನರ. ತೋಳಿನ ದೊಡ್ಡ ಅಪಧಮನಿ ಮೊಣಕೈಯ ಮಡಿಕೆ ದಾಟಿದ ಮೇಲೆ ರೇಡಿಯಲ್ ಮತ್ತು ಅಲ್ನಾರ್ ಎಂದು ಎರಡಾಗಿ ಒಡೆಯುತ್ತದೆ. ಅಲ್ನಾರ್ ಅಪಧಮನಿಯು ಮುಂದೋಳಿನಲ್ಲಿ ಅಲ್ನಾರ್ ನರದ ಜೊತೆಗೂಡಿ, ಮಣಿಕಟ್ಟಿನವರೆಗೂ ಮಗ್ಗುಲಲ್ಲೇ ಸಾಗುತ್ತದೆ. ಒಂದೇ ಗಾಜಿಗೆ ಎರಡೂ ತುಂಡಾದದ್ದು ಆ ಜೊತೆಯಿಂದಾಗಿ.

ಅಪಧಮನಿ ಕಡಿದರೂ ಬೆರಳುಗಳು ಕೆಂಪಾಗಿಯೇ ಇದ್ದವಲ್ಲ ಎಂದು ಕೇಳಿದೆ. ಅವರು ನನ್ನ ಎಡಗೈಯನ್ನು ಮುಷ್ಟಿ ಕಟ್ಟಿಸಿ, ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ತಮ್ಮ ಹೆಬ್ಬೆರಳುಗಳಿಂದ ಒತ್ತಿ ಹಿಡಿದು, ಮುಷ್ಟಿ ಬಿಡಿಸಲು ಹೇಳಿದರು. ಅಂಗೈ ಬಿಳುಚಿಕೊಂಡಿತ್ತು. ಹೆಬ್ಬೆರಳಿನ ಕಡೆಯ ಒಂದನ್ನು ಮಾತ್ರ ಬಿಟ್ಟರು; ಕೆಲವೇ ಕ್ಷಣಗಳಲ್ಲಿ ಕಿರುಬೆರಳವರೆಗೂ ಕೆಂಪು ಹರಡಿತು. ಅಂಗೈಯೊಳಗೆ ಎರಡು ಅಪಧಮನಿಗಳೂ ಕಮಾನುಗಳಾಗಿ ಬಾಗಿ ಒಂದಕ್ಕೊಂದು ಕೂಡಿಕೊಳ್ಳುವುದರಿಂದ, ಹೆಚ್ಚಿನವರಲ್ಲಿ ಒಂದು ದಾರಿ ಮುಚ್ಚಿದರೂ ಇನ್ನೊಂದು ಇಡೀ ಕೈಯನ್ನು ಪೋಷಿಸುತ್ತದೆ. ನರಕ್ಕೆ ಅಂಥ ಬದಲಿ ದಾರಿ ಇಲ್ಲ. ಅಪಧಮನಿಯನ್ನೂ ನರವನ್ನೂ ಅವರು ಮೈಕ್ರೋಸ್ಕೋಪಿನಡಿ, ತಲೆಗೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಹೊಲಿದಿದ್ದರು. ನರದ ಎರಡು ತುದಿಗಳು ತಿರುಚಿಕೊಳ್ಳದೆ ಸರಿಯಾಗಿ ಕೂಡುವಂತೆ ನೋಡಿಕೊಳ್ಳಲು ಅವರಿಗೆ ಗುರುತಾಗಿ ಒದಗಿದ್ದು ನರದ ಹೊದಿಕೆಯ ಮೇಲೆ ಹರಿಯುವ ಸಣ್ಣ ರಕ್ತನಾಳಗಳ ಗೆರೆಗಳಂತೆ. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಆ ಕಾಗದವನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಹೊಲಿಗೆ ಬಿದ್ದ ಮಾತ್ರಕ್ಕೆ ನರ ಕೆಲಸ ಮಾಡುವುದಿಲ್ಲ. ತುಂಡಾದ ಜಾಗದಿಂದ ಮುಂದಿನ ನರತಂತುಗಳು ಸತ್ತುಹೋಗುತ್ತವೆ. ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ಅಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯ 1850ರಲ್ಲೇ ಇದನ್ನು ತೋರಿಸಿದ್ದ. ಉಳಿದ ಖಾಲಿ ಕೊಳವೆಗಳೊಳಗೆ ಹೊಸ ತಂತುಗಳು ಮೇಲಿನಿಂದ ಬೆಳೆದು ಬರಬೇಕು, ಅದೂ ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್‌ನಂತೆ. ನನ್ನ ಮಣಿಕಟ್ಟಿನಿಂದ ಕಿರುಬೆರಳ ತುದಿಗೆ 15 ಸೆಂಟಿಮೀಟರ್ ದೂರ. ಇಷ್ಟು ದೂರವನ್ನು ನನ್ನೊಡನೆ ನಡೆದವರು ಫಿಸಿಯೋಥೆರಪಿಸ್ಟ್. ಈ ಬರಹದ ಬಹುಪಾಲು ಸಲ್ಲಬೇಕಾದದ್ದು ಅವರಿಗೆ.

ಪ್ರತಿ ಭೇಟಿಯಲ್ಲೂ ಅವರು ತಮ್ಮ ಬೆರಳ ತುದಿಯಿಂದ ನನ್ನ ಅಂಗೈಯನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತಟ್ಟುತ್ತ ಬರುತ್ತಿದ್ದರು. ಒಂದು ಜಾಗದಲ್ಲಿ ತಟ್ಟಿದಾಗ ಮರಗಟ್ಟಿದ ಬೆರಳಿನಲ್ಲಿ ಇರುವೆ ಹರಿದಂತಾಗುತ್ತಿತ್ತು. ಅಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟು, ಮಣಿಕಟ್ಟಿನ ಗೆರೆಯಿಂದ ಅದರ ದೂರ ಅಳೆದು, ನೋಟ್‌ಬುಕ್ಕಿನಲ್ಲಿ ತಾರೀಖಿನ ಎದುರು ಬರೆಯುತ್ತಿದ್ದರು. ಮೊದಲ ಚುಕ್ಕೆ ಗಾಯದ ಕಲೆಯ ಪಕ್ಕದಲ್ಲೇ ಇತ್ತು. ಮುಂದಿನ ತಿಂಗಳದ್ದು ಎರಡು ಸೆಂಟಿಮೀಟರ್ ಆಚೆಗೆ ಸರಿದಿತ್ತು. ಬೆರಳು ಇನ್ನೂ ಕೊರಡಿನಂತೆ ಬಿದ್ದುಕೊಂಡಿದ್ದ ಆ ದಿನಗಳಲ್ಲಿ, ಒಳಗೆ ಏನೋ ನಡೆದು ಬರುತ್ತಿದೆ ಎಂಬುದಕ್ಕೆ ನನಗಿದ್ದ ಸಾಕ್ಷಿ ಆ ಚುಕ್ಕೆಗಳು ಮಾತ್ರ. ಜೂಲ್ಸ್ ಟಿನೆಲ್ ಎಂಬ ಫ್ರೆಂಚ್ ವೈದ್ಯ 1915ರಲ್ಲಿ, ಮೊದಲ ಮಹಾಯುದ್ಧದ ಗಾಯಾಳು ಸೈನಿಕರನ್ನು ನೋಡುತ್ತ ಈ ಲಕ್ಷಣವನ್ನು ವಿವರಿಸಿದ. ಅವನು ಅದಕ್ಕೆ ಕೊಟ್ಟ ಫ್ರೆಂಚ್ ಹೆಸರಿನ ಅರ್ಥವೂ ಇರುವೆ ಹರಿದಾಡಿದಂತಾಗುವುದು ಎಂದೇ. ಹೆಸರು ತಿಳಿಯದ ಆ ಸೈನಿಕರನ್ನೂ ನಾನು ಋಣದ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇನೆ.

ಏಳನೆಯ ತಿಂಗಳ ಹೊತ್ತಿಗೆ ಕಿರುಬೆರಳಿಗೆ ಸ್ಪರ್ಶ ಬಂತು, ಆದರೆ ವಿಳಾಸ ತಪ್ಪಿ ಬಂತು. ಉಂಗುರ ಬೆರಳನ್ನು ಮುಟ್ಟಿದರೆ ಕಿರುಬೆರಳನ್ನು ಮುಟ್ಟಿದಂತೆ ಅನ್ನಿಸುತ್ತಿತ್ತು. ಬೆಳೆದುಬಂದ ತಂತುಗಳೆಲ್ಲ ತಮ್ಮ ಹಳೆಯ ಕೊಳವೆಯನ್ನೇ ಹಿಡಿಯುವುದಿಲ್ಲ, ಆದ್ದರಿಂದ ಮಿದುಳು ಕೈಯ ನಕ್ಷೆಯನ್ನು ಹೊಸದಾಗಿ ಕಲಿಯಬೇಕು ಎಂದು ಅವರು ಹೇಳಿದರು. ಕೀಲಿಕೈ, ಗುಂಡಿ, ಮರಳುಕಾಗದ, ಹತ್ತಿ ಇವನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಮೊದಲು ಕಣ್ಣು ತೆರೆದು, ಆಮೇಲೆ ಕಣ್ಣು ಮುಚ್ಚಿ, ದಿನಕ್ಕೆ ನಾಲ್ಕು ಬಾರಿ ಮುಟ್ಟಿ ಗುರುತಿಸುವ ಅಭ್ಯಾಸ ಮಾಡಿಸಿದರು. ನಾನು ಬೇಸತ್ತು ಬಿಟ್ಟ ವಾರಗಳಲ್ಲಿ ಬಯ್ಯದೆ, ಪೆಟ್ಟಿಗೆಗೆ ಹೊಸದೊಂದು ವಸ್ತು ಸೇರಿಸಿ ಕಳಿಸುತ್ತಿದ್ದರು.

ಮನೆಯಲ್ಲಿ ಅಕ್ಕ ಪ್ರತಿ ರಾತ್ರಿ ದೀಪದ ಕೆಳಗೆ ನನ್ನ ಬೆರಳುಗಳನ್ನು ತಿರುಗಿಸಿ ನೋಡುತ್ತಿದ್ದಳು, ಏಕೆಂದರೆ ನೋವು ತಿಳಿಯದ ಬೆರಳು ಸುಟ್ಟರೂ ಕೊಯ್ದರೂ ಸುದ್ದಿ ಹೇಳುವುದಿಲ್ಲ. ಒಮ್ಮೆ ಬಿಸಿ ಪಾತ್ರೆ ತಾಗಿ ಎದ್ದ ಬೊಬ್ಬೆಯನ್ನು ಮೊದಲು ಕಂಡವಳು ಅವಳೇ. ಶಾಲೆಯ ಸಹೋದ್ಯೋಗಿಗಳು ಒಂದು ವರ್ಷ ನನ್ನ ತರಗತಿಗಳ ಕಪ್ಪುಹಲಗೆ ಬರೆದುಕೊಟ್ಟರು; ಸೀಮೆಸುಣ್ಣವನ್ನು ಒತ್ತಿ ಹಿಡಿಯುವ ಹೆಬ್ಬೆರಳಿನ ಸ್ನಾಯು ಕೂಡ ಅಲ್ನಾರ್ ನರದ್ದೇ ಎಂಬುದು ನನಗೆ ಅದುವರೆಗೆ ತಿಳಿದಿರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಗದ ಹಿಡಿಸಿ ಎಳೆದಾಗ ಹೆಬ್ಬೆರಳ ತುದಿ ಕೊಕ್ಕೆಯಂತೆ ಬಾಗದೆ ನೆಟ್ಟಗೆ ನಿಂತದ್ದು 13ನೆಯ ತಿಂಗಳಲ್ಲಿ.

ಇವರೆಲ್ಲರ ಹಿಂದೆ ನಾನು ಎಂದೂ ಕಾಣದವರಿದ್ದಾರೆ. ವೈದ್ಯರು ಆ ಕಾಗದದ ಮೇಲೆ ಕೈ ನಡುಗದೆ ತೋಳಿನ ನಕ್ಷೆ ಬರೆದರಲ್ಲ, ಅದನ್ನು ಎಲ್ಲಿ ಕಲಿತಿರಿ ಎಂದು ಕೇಳಿದಾಗ, ಮೊದಲ ವರ್ಷದಲ್ಲಿ ಯಾರೋ ದಾನ ಮಾಡಿದ ದೇಹದ ತೋಳನ್ನು ಪದರ ಪದರವಾಗಿ ಬಿಡಿಸುತ್ತ ಕಲಿತೆ ಎಂದರು. ಆ ದಾನಿಗೂ ಅವರ ಮನೆಯವರಿಗೂ ನನ್ನ ಕೈ ಋಣಿಯಾಗಿದೆ. ದೇಹದಾನದ ಅರ್ಜಿಗೆ ಕಳೆದ ತಿಂಗಳು ನಾನೂ ಸಹಿ ಹಾಕಿದ್ದೇನೆ.

ಕೈ ಪೂರ್ತಿ ಮೊದಲಿನಂತಾಗಿಲ್ಲ. ಚಳಿಯಲ್ಲಿ ಕಿರುಬೆರಳು ನೋಯುತ್ತದೆ, ಸ್ವಲ್ಪ ದೂರ ಸರಿದೇ ನಿಲ್ಲುತ್ತದೆ, ನುಣುಪು ಕಾಗದ ಮತ್ತು ಬಟ್ಟೆಯ ವ್ಯತ್ಯಾಸ ಅದಕ್ಕೆ ಇನ್ನೂ ಹೊಳೆಯುವುದಿಲ್ಲ. ಆದರೆ ಬೆರಳು ಸುಕ್ಕುಗಟ್ಟುವುದು ನೀರು ಇಂಗಿದ್ದಕ್ಕಲ್ಲ, ನರಗಳು ಬೆರಳ ತುದಿಯ ರಕ್ತನಾಳಗಳನ್ನು ಕುಗ್ಗಿಸಿ ಒಳಗಿನ ಗಾತ್ರ ಇಳಿಸುವುದರಿಂದ ಚರ್ಮ ಮಡಿಕೆ ಬೀಳುತ್ತದೆ ಎಂದು ನನಗೆ ತಿಳಿಸಿದವರು ಫಿಸಿಯೋಥೆರಪಿಸ್ಟ್. ಆದ್ದರಿಂದಲೇ ಕಳೆದ ವಾರ ಒದ್ದೆ ಕೈಯಲ್ಲೇ ಅವರಿಗೆ ಫೋನ್ ಮಾಡಿದೆ. ಬೆರಳಿನ ಯಾವ ಬದಿ, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಂಡರು. ಚುಕ್ಕೆಗಳ ನೋಟ್‌ಬುಕ್ಕನ್ನು ಮುಂದಿನ ಭೇಟಿಯಲ್ಲಿ ಅವರ ಬಳಿಯೇ ಬಿಟ್ಟುಬರುತ್ತೇನೆ. ಇದೇ ಗಾಯದೊಂದಿಗೆ ಮೊದಲ ಚುಕ್ಕೆಗಾಗಿ ಕಾಯುತ್ತಿರುವ ಇನ್ನೊಬ್ಬರು ಈ ತಿಂಗಳು ಅವರಲ್ಲಿಗೆ ಬರತೊಡಗಿದ್ದಾರಂತೆ.