‘ಎಸ್ಪಾನ್ಯೊಲ್’ ಬಂದ ದಾರಿ

ಮಾನ್ಯ ಸಂಪಾದಕರೇ,

ಭಾಷೆಗಳ ಹೆಸರಿನ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಸ್ಪೇನಿನವರು ತಮ್ಮನ್ನೂ ತಮ್ಮ ಭಾಷೆಯನ್ನೂ ಕರೆಯುವ ‘ಎಸ್ಪಾನ್ಯೊಲ್’ ಪದ ಆ ನಾಡಿನ ಲ್ಯಾಟಿನ್ ಹೆಸರಾದ ‘ಹಿಸ್ಪಾನಿಯಾ’ದಿಂದ ನೇರವಾಗಿ ಬಂತು ಎಂದು ಅದರಲ್ಲಿದೆ. ಬೇರು ಅದೇ, ನಿಜ. ದಾರಿ ಮಾತ್ರ ನೇರವಲ್ಲ. ಈ ಭಾಷೆ ಕಲಿಸುವ ನನಗೆ ಆ ಸುತ್ತುದಾರಿಯೇ ಜಾಸ್ತಿ ಇಷ್ಟ. ಅದಕ್ಕೇ ಈ ಪತ್ರ.

ಹಳಗನ್ನಡದ ಪಾಲು, ಪುಲಿ ನಮ್ಮ ಬಾಯಲ್ಲಿ ಹಾಲು, ಹುಲಿ ಆದವು, ಅಲ್ವಾ? ಸ್ಪ್ಯಾನಿಷ್‌ನಲ್ಲೂ ಇಂಥದ್ದೊಂದು ನಿಯಮ ಇದೆ. ಲ್ಯಾಟಿನ್ನಿನಲ್ಲಿ ಒತ್ತಿ ಹೇಳುವ ಹ್ರಸ್ವ ‘ಒ’ ಅಲ್ಲಿ ‘ಉವೆ’ ಆಗುತ್ತದೆ. ಒಳ್ಳೆಯ ಎನ್ನುವ ಬೊನುಸ್ ‘ಬುವೆನೊ’ ಆಯಿತು. ಬಾಗಿಲು ಎನ್ನುವ ಪೊರ್ತಾ ‘ಪುವೆರ್ತಾ’ ಆಯಿತು. ಹಾಗಾದರೆ ಹಿಸ್ಪಾನಿಯಾದವನು ಎನ್ನುವ ‘ಹಿಸ್ಪಾನಿಯೊಲುಸ್’ ಎಂಬ ಮೂಲದಿಂದ ‘ಎಸ್ಪಾನ್ಯುವೆಲೊ’ ಬರಬೇಕಿತ್ತು. ಬರಲಿಲ್ಲ.

‘ಒಲ್’ ಎಂಬ ಕೊನೆ ಸಹಜವಾಗಿರುವುದು ಸ್ಪೇನ್–ಫ್ರಾನ್ಸ್ ನಡುವಿನ ಪಿರನೀಸ್ ಬೆಟ್ಟಗಳ ಆಚೆ, ದಕ್ಷಿಣ ಫ್ರಾನ್ಸಿನ ಒಕ್ಸಿಟನ್ ಭಾಷೆಯಲ್ಲಿ. ಪದ ಅಲ್ಲಿಂದ ಬಂತು ಎಂದು 1948ರಲ್ಲಿ ವಾದಿಸಿದವರು ಸ್ವಿಟ್ಜರ್ಲೆಂಡಿನ ವಿದ್ವಾಂಸ ಪಾಲ್ ಎಬಿಶರ್. ಯೋಚಿಸಿದರೆ ಅಚ್ಚರಿಯೇನಿಲ್ಲ. ಪದ ಬಂದ ಮಧ್ಯಯುಗದಲ್ಲಿ ಸ್ಪೇನ್ ಎಂಬ ಒಂದೇ ರಾಜ್ಯ ಇರಲಿಲ್ಲ. ಕ್ಯಾಸ್ಟೀಲ್, ಲೆಯೋನ್, ನವಾರ್, ಅರಗಾನ್ ಎಲ್ಲ ಬೇರೆ ಬೇರೆ. ಅಲ್ಲಿನ ಕ್ರೈಸ್ತರು ಮುಸ್ಲಿಮರ ಎದುರು ತಮ್ಮನ್ನು ಸುಮ್ನೆ ‘ಕ್ರೈಸ್ತರು’ ಅಂದರೆ ಸಾಕಿತ್ತು. ಅವರೆಲ್ಲರಿಗೂ ಸೇರಿಸಿ ಒಂದು ಹೆಸರು ಬೇಕಾದದ್ದು ಬೆಟ್ಟದ ಆಚೆಯವರಿಗೆ. ಸ್ಪೇನಿನ ಕ್ರೈಸ್ತ ಕ್ಷೇತ್ರ ಸಾಂತಿಯಾಗೊಗೆ ಯಾತ್ರೆ ಬಂದವರು, ಆ ದಾರಿಯ ಊರುಗಳಲ್ಲೇ ನೆಲೆಸಿದ ವ್ಯಾಪಾರಿಗಳು ಅದನ್ನು ಬಾಯಲ್ಲಿ ಹೊತ್ತು ತಂದಿರಬೇಕು. 13ನೇ ಶತಮಾನದಲ್ಲಿ ಕ್ಯಾಸ್ಟೀಲ್‌ನ ದೊರೆ ಹತ್ತನೇ ಅಲ್ಫೋನ್ಸೊ ಬರೆಸಿದ ಇತಿಹಾಸದಲ್ಲಿ ಆ ಪದ ಆಗಲೇ ಇದೆ.

ಒಪ್ಪದವರೂ ಇದ್ದರು. ‘ಎಸ್ಪಾನ್ಯೊನ್’ ಎಂಬ ಹಳೆಯ ರೂಪದ ಕೊನೆಯ ‘ನ್’ ‘ಲ್’ ಆಗಿ ಪದ ಸ್ಪೇನಿನಲ್ಲೇ ಹುಟ್ಟಿತು ಎನ್ನುವುದು ಸ್ಪೇನಿನ ವಿದ್ವಾಂಸ ರಮೋನ್ ಮೆನೆಂದೆಸ್ ಪಿದಾಲ್ ಅವರ ವಾದ. ನನಗೆ ಎಬಿಶರ್ ಮಾತೇ ಗಟ್ಟಿ ಅನಿಸುತ್ತದೆ.

ಇನ್ನೊಂದು ಮಾತು. ಇದೇ ಭಾಷೆಗೆ ಕ್ಯಾಸ್ಟೀಲ್‌ನಿಂದ ಬಂದ ‘ಕಾಸ್ತೆಲ್ಯಾನೊ’ ಎಂಬ ಇನ್ನೊಂದು ಹೆಸರಿದೆ; ಬರಹದಲ್ಲಿ ಅದೇ ಇಲ್ಲ. 1492ರಲ್ಲಿ ಸ್ಪೇನಿನ ವಿದ್ವಾಂಸ ನೆಬ್ರಿಹಾ ಬರೆದದ್ದು ಕಾಸ್ತೆಲ್ಯಾನೊ ಭಾಷೆಯ ವ್ಯಾಕರಣ. ಸ್ಪೇನಿನ ಭಾಷಾ ಸಂಸ್ಥೆ ರಾಯಲ್ ಅಕಾಡೆಮಿ ತನ್ನ ನಿಘಂಟಿನ ಹೆಸರಲ್ಲಿ ಅದನ್ನು ಬಿಟ್ಟು ‘ಎಸ್ಪಾನ್ಯೊಲಾ’ ಎಂದದ್ದು 1925ರಲ್ಲಿ. ಸ್ಪೇನಿನ 1978ರ ಸಂವಿಧಾನ ಇಂದಿಗೂ ಕಾಸ್ತೆಲ್ಯಾನೊ ಎಂದೇ ಹೇಳುತ್ತದೆ, ಯಾಕೆಂದರೆ ಕತಲಾನ್, ಬಾಸ್ಕ್, ಗಲೀಸಿಯನ್ ಕೂಡ ಅದರ ಪ್ರಕಾರ ಸ್ಪೇನಿನ ಭಾಷೆಗಳೇ. ಮುಂದಿನ ಪುರವಣಿಯಲ್ಲಿ ಇದಕ್ಕೂ ನಾಲ್ಕು ಸಾಲು ಜಾಗ ಕೊಡಿ.

– ಸ್ಪ್ಯಾನಿಷ್ ಕಲಿಸುವ ಓದುಗಿ, ಬೆಂಗಳೂರು