ಮೊದಲ ಕೆಲಸಕ್ಕೆ ಮುನ್ನ 17 ನಿರಾಕರಣೆ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಬಿ.ಕಾಂ. ಮುಗಿಸಿದ ನನಗೆ ಹಣಕಾಸು ಕ್ಷೇತ್ರದಲ್ಲಿ ಮೊದಲ ಕೆಲಸ ಸಿಗುವ ಮುನ್ನ 17 ಬಾರಿ ನಿರಾಕರಣೆ ಎದುರಾಯಿತು. ಬ್ಯಾಂಕ್ ಗುಮಾಸ್ತರ ನೇಮಕಾತಿಯಲ್ಲಿ ಕೇರಳದ ಹುದ್ದೆಗೆ ಮಲಯಾಳ ತಿಳಿದಿರಬೇಕು, ಕರ್ನಾಟಕದ ಹುದ್ದೆಗಾದರೆ ಕನ್ನಡ ಎಂಬುದನ್ನು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಪೂರ್ವಭಾವಿ ಪರೀಕ್ಷೆಯಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವೆಂದು ಗೊತ್ತಿದ್ದೂ ಊಹೆಯಿಂದ ಗುರುತು ಹಾಕಿ ಎರಡು ವರ್ಷ ಕಳೆದುಕೊಂಡೆ (ತಪ್ಪು ನನ್ನದೇ).

ಬಳಿಕ ಕುಂಬಳೆಯಿಂದ ಬೆಳಗಿನ ರೈಲು ಹಿಡಿದು, ಮಳೆಗೆ ಅಂಚು ನೆನೆದ ಅಂಕಪಟ್ಟಿಗಳೊಂದಿಗೆ ಮಂಗಳೂರಿನ ಲೆಕ್ಕಪರಿಶೋಧಕರ ಕಚೇರಿಗಳ ಮೆಟ್ಟಿಲು ಹತ್ತಿದೆ. ಹೆಚ್ಚಿನವರು ‘ಅನುಭವವಿಲ್ಲ’ ಎಂದಷ್ಟೇ ಹೇಳಿ ಕಳುಹಿಸಿದರೆ, ಒಬ್ಬರು ಮಾತ್ರ ಬ್ಯಾಂಕ್ ಸ್ಟೇಟ್‌ಮೆಂಟನ್ನು ಲೆಡ್ಜರಿನೊಂದಿಗೆ ತಾಳೆ ನೋಡಲು ಕೊಟ್ಟರು, ನನಗೆ ಬರಲಿಲ್ಲ. ಅದನ್ನು ಊರಿನ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಆರು ತಿಂಗಳು ಸಂಬಳವಿಲ್ಲದೆ ಕಲಿತೆ. 18ನೇ ಸಂದರ್ಶನದಲ್ಲಿ ಕೇಳಿದ್ದೂ ಅದನ್ನೇ.

ಗಡಿನಾಡಿನ ಕಾಲೇಜುಗಳು ಅಂತಿಮ ವರ್ಷದಲ್ಲಾದರೂ ಇಂತಹ ಪ್ರಾಯೋಗಿಕ ಕೆಲಸವನ್ನು ಕಲಿಸಬೇಕು. ನಿರಾಕರಿಸುವ ಸಂಸ್ಥೆಗಳು ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಬೇಕೆಂದು ವಿನಂತಿ.

– ಓರ್ವ ಪದವೀಧರ, ಕುಂಬಳೆ