‘ಮಲಗಿದ್ದಾನೆ ಬಿಡು’ ಅನ್ನಬೇಡ

ಚಿರಂಜೀವಿ ಪುಟ್ಟನಿಗೆ ಅತ್ತೆಯ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸನ್ನು ಕೊರೆಯುತ್ತಿದೆ. ನಿಮ್ಮ ಪಿ.ಜಿ.ಯ ಹುಡುಗ ಪಾರ್ಟಿಯಲ್ಲಿ ಜಾಸ್ತಿ ಕುಡಿದು, ಯಾವುದೋ ಮಾತ್ರೆಯನ್ನೂ ನುಂಗಿ ಬಂದ, ಮಲಗಿದರೆ ಇಳಿಯುತ್ತೆ ಅಂತ ಸುಮ್ನೆ ಬಿಟ್ಟೆವು ಅಂದೆಯಲ್ಲ. ಅವನು ಎದ್ದದ್ದು ಅವನ ಪುಣ್ಯ ಕಣೋ.

ನಾನು ಐಸಿಯುನಲ್ಲಿ ನರ್ಸ್ ಆಗಿದ್ದಾಗ ಅಂಥದೇ ಒಬ್ಬ ಹುಡುಗನನ್ನು ಬೆಳಗಿನ ಜಾವ ಹೊತ್ತು ತಂದರು. ಗೆಳೆಯರು ರಾತ್ರಿಯೆಲ್ಲ ಅವನ ತಲೆಗೆ ನಿಂಬೆಹಣ್ಣು ತಿಕ್ಕಿ, ಬಾಯಿಗೆ ಮಜ್ಜಿಗೆ ಹುಯ್ದಿದ್ದರು. ಅಂಗಿಯ ಕಾಲರಿನಲ್ಲಿ ಮಜ್ಜಿಗೆ ಇನ್ನೂ ಒಣಗಿರಲಿಲ್ಲ. ಮೈ ಸುಡುತ್ತಿತ್ತು. ಪ್ರಜ್ಞೆ ಇಲ್ಲ. ಉಸಿರು ಮಾತ್ರ ಬೆಟ್ಟ ಹತ್ತಿ ಬಂದವನ ಹಾಗೆ ಆಳವಾಗಿ, ಬಿಡುವಿಲ್ಲದೆ ಬರುತ್ತಿತ್ತು. ‘ಗೊರಕೆ ಅಂದುಕೊಂಡೆವು ಸಿಸ್ಟರ್’ ಅಂದ ಒಬ್ಬ.

ಮಣಿಕಟ್ಟಿನಿಂದ ರಕ್ತ ತೆಗೆದು ನೋಡಿದರೆ ಪಿಎಚ್ 6.9. ಪಿಎಚ್ ಅಂದರೆ ರಕ್ತದ ಆಮ್ಲದ ಅಳತೆ, ಅದು ಇಳಿದಷ್ಟೂ ಆಮ್ಲ ಜಾಸ್ತಿ. ಅದು 7.35ರಿಂದ 7.45ರೊಳಗೆ ಇರಬೇಕು. ಅಂಕಿಯಲ್ಲಿ ಬರೀ 0.5ರಷ್ಟು ವ್ಯತ್ಯಾಸ, ಅಲ್ವಾ? ಆದರೆ ಆಮ್ಲದ ಲೆಕ್ಕದಲ್ಲಿ ಅದು ಮೂರು ಪಟ್ಟು. ಫಿಟ್ಸ್ ಬಂದು, ಮೈ ಕಾದು, ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿತ್ತು. ರಕ್ತದ ಆಮ್ಲವನ್ನು ತಗ್ಗಿಸಲು ಶ್ವಾಸಕೋಶ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ತಳ್ಳುತ್ತಲೇ ಇತ್ತು. ಆ ಏದುಸಿರು ಅದೇ. ಅದೂ ಸೋತರೆ ಬಿಪಿ ಕುಸಿಯುತ್ತೆ, ಹೃದಯದ ಬಡಿತ ತಪ್ಪುತ್ತೆ.

ಪೊಲೀಸರ ಭಯಕ್ಕೆ ಅವರು ಮೊದಲು ‘ಊಟ ಕೆಟ್ಟಿತ್ತು’ ಅಂದರು. ಆಸ್ಪತ್ರೆಯಲ್ಲಿ ಎಂಎಲ್‌ಸಿ ಅಂತ ಪೊಲೀಸರಿಗೆ ಹೋಗುವ ವರದಿ ಬರೆಯುವುದು ಹೌದು, ನಿನಗೆ ಸುಳ್ಳು ಹೇಳಲ್ಲ. ಆದರೂ ಏನು ನುಂಗಿದ ಅಂತ ಗೊತ್ತಾಗದಿದ್ದರೆ ಡಾಕ್ಟರು ತಡಕಾಡಬೇಕಾಗುತ್ತೆ. ಕಳ್ಳಭಟ್ಟಿಯಲ್ಲಿ ಮೆಥನಾಲ್ ಅನ್ನೋ ವಿಷ ಇದ್ದರೂ ರಕ್ತ ಹೀಗೇ ಆಗುತ್ತೆ, ಅದರ ಮದ್ದೇ ಬೇರೆ. ಕೊನೆಗೆ, ಚಪ್ಪಲಿಯೂ ಇಲ್ಲದೆ ಓಡಿಬಂದಿದ್ದ ಹುಡುಗನೊಬ್ಬ ಉಳಿದ ಒಂದು ಮಾತ್ರೆಯನ್ನು ನನ್ನ ಅಂಗೈಗಿಟ್ಟು, ಎಂಡಿಎಂಎ ಅನ್ನೋ ಪಾರ್ಟಿ ಡ್ರಗ್ ಅಂತ ಬಾಯಿಬಿಟ್ಟ. ವೆಂಟಿಲೇಟರ್ ಹಾಕಿ, ಎರಡು ಸಲ ಡಯಾಲಿಸಿಸ್ ಮಾಡಿದ ಮೇಲೆ ಅವನ ಗೆಳೆಯ ಉಳಿದ.

ನೀನು ಅದನ್ನೆಲ್ಲ ಮುಟ್ಟಬೇಡಪ್ಪಾ. ಜೊತೆಯವರು ಯಾರಾದರೂ ತಟ್ಟಿದರೂ ಏಳದಿದ್ದರೆ, ಏದುಸಿರು ಬಿಡುತ್ತಿದ್ದರೆ, ಬಾಯಿಗೆ ಏನೂ ಹಾಕಬೇಡ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡು, ಪಕ್ಕದಲ್ಲೇ ಇರು. ಆಮೇಲೆ ನನಗೆ ಮಾಡು, ರಾತ್ರಿ ಎರಡು ಗಂಟೆಯಾದರೂ ಎತ್ತುತ್ತೇನೆ. ನಿಮ್ಮಪ್ಪನಿಗೆ ಹೇಳುವುದು ನನಗಿರಲಿ.

ನಿಮ್ಮ ಪಿ.ಜಿ.ಯ ಆ ಹುಡುಗ ಈಗ ಹೇಗಿದ್ದಾನೆ? ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆಯಾ ಕೇಳು. ತಿರುಗಿದ್ದರೆ ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಕಿಡ್ನಿಗೆ ಪೆಟ್ಟಾಗಿರಬಹುದು.

ಇಂತಿ,
ನಿನ್ನ ಅತ್ತೆ